ಮುರಿದ ಬಿಲ್ಲಿನ ಊರು, ಪುಷ್ಪಕ ಇಳಿದ ಊರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ವಿಜ್ಞಾನದ ಬಗ್ಗೆ ಮಾತಾಡಿ ಅಂದಿದ್ದಾರೆ. ಹಳೆಯ ವಿದ್ಯಾರ್ಥಿಗಳು ವೇದಿಕೆ ಹತ್ತಿದರೆ ಸಾಮಾನ್ಯವಾಗಿ ಕಷ್ಟಪಟ್ಟು ಓದಿ, ಮೊಬೈಲ್ ಕಡಿಮೆ ನೋಡಿ ಅಂತ ಹೇಳಿ ಇಳಿಯುತ್ತಾರೆ. ಆ ಮಾತನ್ನು ನಿಮಗೆ ಮೇಷ್ಟ್ರು ದಿನವೂ ಹೇಳುತ್ತಾರೆ. ಅದನ್ನೇ ಹೇಳಲು ಬೆಂಗಳೂರಿನಿಂದ ನಾನು ಬರಬೇಕಾಗಿರಲಿಲ್ಲ. ಹಾಗಾಗಿ ಇವತ್ತು ಒಂದು ಟಿ.ವಿ. ಧಾರಾವಾಹಿಯ ಮೊದಲ ಕಂತಿನ ಕಥೆ ಹೇಳುತ್ತೇನೆ. ಧಾರಾವಾಹಿ ಅಂದ ಕೂಡಲೇ ಅತ್ತೆ ಸೊಸೆ ಜಗಳ ಅಂದುಕೊಳ್ಳಬೇಡಿ. ಇದು ಬಾಹ್ಯಾಕಾಶದ ಕಥೆ. ಆದರೆ ಶುರುವಾಗುವುದು ಒಬ್ಬ ರೈತನ ಮೆಕ್ಕೆಜೋಳದ ಹೊಲದಲ್ಲಿ. ಅದಕ್ಕೂ ನಮ್ಮ ಸೀಮೆಗೂ ಸಂಬಂಧ ಇದೆ. ಅದನ್ನು ಕಡೆಗೆ ಹೇಳುತ್ತೇನೆ.

ಮೊದಲು ಒಂದು ಪದ ತಿಳಿದುಕೊಳ್ಳೋಣ. 'ಕಾಂತಾರ' ಸಿನಿಮಾ 2022ರಲ್ಲಿ ಬಂತು. 'ಕಾಂತಾರ ಚಾಪ್ಟರ್ 1' ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಬಂದದ್ದು ಆಮೇಲೆ, ಆದರೆ ಅದರ ಕಥೆ ಹಿಂದಿನದು. ಇಂಥದ್ದನ್ನು ಪ್ರೀಕ್ವೆಲ್ ಅನ್ನುತ್ತಾರೆ. ನಾವು ಪೂರ್ವಕಥೆ ಅನ್ನೋಣ. ಪುರಾಣ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ. ರಾವಣನಿಗೆ ವರ ಹೇಗೆ ಸಿಕ್ಕಿತು, ಕುಬೇರನ ಪುಷ್ಪಕ ವಿಮಾನ ಅವನ ಕೈಗೆ ಹೇಗೆ ಬಂತು ಎಂಬುದೆಲ್ಲ ರಾಮಾಯಣದ ಕೊನೆಯ ಉತ್ತರಕಾಂಡದಲ್ಲಿ ಬರುತ್ತದೆ. ಕಥೆ ಮುಗಿದ ಮೇಲೂ ಜನ, ಇದಕ್ಕೆ ಮುಂಚೆ ಏನಾಗಿತ್ತು ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಕೊಡುವ ಉತ್ತರವೇ ಪೂರ್ವಕಥೆ.

ಅಮೆರಿಕದಲ್ಲಿ 1966ರ ಸೆಪ್ಟೆಂಬರ್ 8ರಂದು 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಶುರುವಾಯಿತು. ಇನ್ನೂರು ಮುನ್ನೂರು ವರ್ಷ ಮುಂದಿನ ಕಾಲ. 'ಎಂಟರ್‌ಪ್ರೈಸ್' ಎಂಬ ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತದೆ. ಅದರಲ್ಲಿ ಎಲ್ಲವೂ ಸಲೀಸು. ಯಾವ ಗ್ರಹದವರು ಮಾತಾಡಿದರೂ ಯಂತ್ರ ಅನುವಾದ ಮಾಡಿಬಿಡುತ್ತದೆ. ಮನುಷ್ಯನನ್ನು ಕಣಕಣವಾಗಿ ಬಿಚ್ಚಿ, ಇಲ್ಲಿಂದ ಮಾಯ ಮಾಡಿ, ಅಲ್ಲಿ ಜೋಡಿಸಿ ನಿಲ್ಲಿಸುವ ಯಂತ್ರವೂ ಇದೆ. ಬೇರೆ ಬೇರೆ ಲೋಕದವರು ಒಂದೇ ನೌಕೆಯಲ್ಲಿ ಅಣ್ಣತಮ್ಮಂದಿರ ಹಾಗೆ ಕೆಲಸ ಮಾಡುತ್ತಾರೆ.

ಮೂವತ್ತೈದು ವರ್ಷದ ನಂತರ, 2001ರ ಸೆಪ್ಟೆಂಬರ್ 26ರಂದು, ಅದರ ಪೂರ್ವಕಥೆ ಶುರುವಾಯಿತು. ಅದರ ಹೆಸರು 'ಎಂಟರ್‌ಪ್ರೈಸ್' ಎಂದಷ್ಟೇ. ಮೊದಲ ಕಂತಿನ ಹೆಸರು 'ಬ್ರೋಕನ್ ಬೋ'. ಬರೆದವರು ರಿಕ್ ಬರ್ಮನ್ ಮತ್ತು ಬ್ರ್ಯಾನನ್ ಬ್ರಾಗಾ. ಬ್ರೋಕನ್ ಬೋ ಅಂದರೆ ಮುರಿದ ಬಿಲ್ಲು. ನಮಗೆ ಶಿವಧನುಸ್ಸು ನೆನಪಾಗಬಹುದು, ಆದರೆ ಅದು ಅಮೆರಿಕದ ಓಕ್ಲಹೋಮ ರಾಜ್ಯದ ಒಂದು ಸಣ್ಣ ಪಟ್ಟಣದ ಹೆಸರು. ನಾನು ಇದನ್ನು ನೋಡಿದ್ದು ಬಿ.ಇ. ಓದುವಾಗ, ಹಾಸ್ಟೆಲಿನಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ. ಮಾತು ಪೂರ್ತಿ ಅರ್ಥವಾಗದೆ ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿಕೊಂಡು ನೋಡಿದೆ. ಆಮೇಲೆ ಎಷ್ಟೋ ಸಲ ನೋಡಿದ್ದೇನೆ.

ಕಥೆ ಹೀಗಿದೆ. ಒಬ್ಬ ಹುಡುಗ ತನ್ನ ಅಪ್ಪನ ಜೊತೆ ಕೂತು ಆಟಿಕೆಯ ನೌಕೆಗೆ ಬಣ್ಣ ಹಚ್ಚುತ್ತಿದ್ದಾನೆ. ಅವನ ಹೆಸರು ಜೊನಾಥನ್ ಆರ್ಚರ್. ಅಪ್ಪ ಹೆನ್ರಿ ಆರ್ಚರ್ ಎಂಜಿನಿಯರು. ಬೆಳಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಹೋಗುವ ಎಂಜಿನ್ ಮಾಡುತ್ತಿದ್ದಾನೆ. ಅಪ್ಪಾ, ನಿನ್ನ ನೌಕೆ ಯಾವಾಗ ಹಾರುತ್ತೆ ಅಂತ ಮಗ ಕೇಳುತ್ತಾನೆ. ಇನ್ನೂ ಕಟ್ಟೇ ಇಲ್ಲವಲ್ಲ ಅಂತ ಅಪ್ಪ ಅನ್ನುತ್ತಾನೆ. ಅದು ಹಾರುವುದನ್ನು ನೋಡಲು ಆ ಅಪ್ಪ ಉಳಿಯುವುದಿಲ್ಲ.

ಮೂವತ್ತು ವರ್ಷ ಕಳೆಯುತ್ತದೆ. ಬ್ರೋಕನ್ ಬೋದಲ್ಲಿ ಒಬ್ಬ ರೈತನ ಹೊಲಕ್ಕೆ ಬೇರೆ ಲೋಕದ ನೌಕೆ ಬಂದು ಬೀಳುತ್ತದೆ. ಒಳಗಿಂದ ದೈತ್ಯನಂಥ ಆಳು ಇಳಿದು ಓಡುತ್ತಾನೆ. ಅವನು ಕ್ಲಿಂಗಾನ್ ಜನಾಂಗದವನು, ಹೆಸರು ಕ್ಲಾಂಗ್. ಇಬ್ಬರು ಅವನ ಬೆನ್ನು ಹತ್ತಿದ್ದಾರೆ. ಅವನು ಕಾಳಿನ ಕಣಜವನ್ನೇ ಸಿಡಿಸಿ ಅವರಿಂದ ಪಾರಾಗುತ್ತಾನೆ. ಆಮೇಲೆ ಬಂದೂಕು ಹಿಡಿದ ರೈತ ಎದುರಾಗುತ್ತಾನೆ. ಕ್ಲಾಂಗ್ ಏನೋ ಗಟ್ಟಿಯಾಗಿ ಹೇಳುತ್ತಾನೆ. ರೈತನಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಗುಂಡು ಹಾರಿಸುತ್ತಾನೆ. ಎರಡು ಲೋಕಗಳ ಮೊದಲ ಭೇಟಿ ಹೀಗೆ ಆಗುತ್ತದೆ.

ಗಾಯಗೊಂಡ ಕ್ಲಾಂಗ್ ಆಸ್ಪತ್ರೆ ಸೇರುತ್ತಾನೆ. ಅಲ್ಲಿ ದೊಡ್ಡ ಜಗಳ. ಭೂಮಿಯವರಿಗೆ ಸುಮಾರು ತೊಂಬತ್ತು ವರ್ಷದಿಂದ ವಲ್ಕನ್ ಎಂಬ ಲೋಕದವರು ಹಿರಿಯಣ್ಣನ ಹಾಗೆ ಜೊತೆಗಿದ್ದಾರೆ. ಚೂಪು ಕಿವಿಯವರು, ಕೋಪ ತಾಪ ತೋರಿಸದವರು, ಬಲು ಬುದ್ಧಿವಂತರು. ಅವರ ಮಾತು ಒಂದೇ: ಇವನನ್ನು ಸಾಯಲು ಬಿಡಿ, ಹೆಣ ಕಳಿಸಿದರೆ ಸಾಕು, ಅದೇ ಅವರ ಪದ್ಧತಿ, ನೀವು ಆಕಾಶಕ್ಕೆ ಹೋಗಲು ಇನ್ನೂ ತಯಾರಾಗಿಲ್ಲ. ಆರ್ಚರ್ ಈಗ ಕ್ಯಾಪ್ಟನ್. ಅಪ್ಪನ ಎಂಜಿನ್ ಕೂಡಿಸಿದ ನೌಕೆ ಹಾರಲು ನಿಂತಿದೆ. ಈ ಮನುಷ್ಯ ಬದುಕಿದ್ದಾನೆ, ಅವನ ಮನೆಗೆ ಬದುಕಿದ್ದಂತೆಯೇ ಮುಟ್ಟಿಸುತ್ತೇನೆ ಅಂತ ಹಟ ಹಿಡಿಯುತ್ತಾನೆ. ಕೊನೆಗೆ ಅಪ್ಪಣೆ ಸಿಗುತ್ತದೆ. ವಲ್ಕನ್ನರು ನಕ್ಷತ್ರಗಳ ನಕ್ಷೆ ಕೊಡುತ್ತಾರೆ, ಆದರೆ ತಮ್ಮ ಕಡೆಯ ಟಿಪೋಲ್ ಎಂಬ ಅಧಿಕಾರಿಯನ್ನು ಜೊತೆಗೆ ಕಳಿಸುತ್ತೇವೆ ಅಂತ ಷರತ್ತು ಹಾಕುತ್ತಾರೆ.

ಹೋಗುವ ದಾರಿಯಲ್ಲೇ ಕ್ಲಾಂಗನನ್ನು ಸುಲಿಬಾನ್ ಎಂಬುವವರು ಅಪಹರಿಸುತ್ತಾರೆ. ಹುಡುಕಾಟ, ಹೊಡೆದಾಟ ನಡೆಯುತ್ತದೆ. ಕ್ಯಾಪ್ಟನ್ನನಿಗೆ ಕಾಲಿಗೆ ಗಾಯವಾಗುತ್ತದೆ. ಆಗ ನೌಕೆಯ ಜವಾಬ್ದಾರಿ ಟಿಪೋಲ್ ಕೈಗೆ ಬರುತ್ತದೆ. ಅವಳು ನೌಕೆಯನ್ನು ವಾಪಸ್ ತಿರುಗಿಸಿಬಿಡುತ್ತಾಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅವಳು ತಿರುಗಿಸುವುದಿಲ್ಲ, ಹುಡುಕಾಟ ಮುಂದುವರಿಸುತ್ತಾಳೆ. ಕೊನೆಗೆ ಕ್ಲಾಂಗ್ ತನ್ನ ಲೋಕ ಸೇರುತ್ತಾನೆ. ನೌಕೆ ಮನೆಗೆ ಮರಳದೆ ಮುಂದಕ್ಕೆ ಹೋಗುತ್ತದೆ.

ಕಥೆ ಇಷ್ಟೇ. ಇದು ಜಗತ್ತಿನ ಅತಿ ಶ್ರೇಷ್ಠ ಧಾರಾವಾಹಿ ಅಂತ ನಾನು ಹೇಳುತ್ತಿಲ್ಲ. ನಾಲ್ಕು ವರ್ಷ, 98 ಕಂತು ಓಡಿ 2005ರಲ್ಲಿ ನಿಂತೂ ಹೋಯಿತು. ಆದರೆ ಈ ಮೊದಲ ಕಂತು ನಮ್ಮ ಶಾಲೆಯಂಥ ಶಾಲೆಯಲ್ಲಿ ಓದಿದವರಿಗೆ ಮೂರು ವಿಷಯ ತೋರಿಸುತ್ತದೆ.

ಮೊದಲನೆಯದು ಭಾಷೆ. ಹಳೆಯ ಧಾರಾವಾಹಿಯಲ್ಲಿ ಅನುವಾದ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಪೂರ್ವಕಥೆಯಲ್ಲಿ ಆ ಯಂತ್ರ ಇನ್ನೂ ಅರೆಬೆಂದದ್ದು. ಹಾಗಾಗಿ ಕ್ಯಾಪ್ಟನ್ ನೇರವಾಗಿ ಬ್ರೆಜಿಲ್ ದೇಶಕ್ಕೆ ಹೋಗಿ, ಪಾಠ ಮಾಡುತ್ತಿದ್ದ ಹೋಶಿ ಸಾಟೋ ಎಂಬ ಮೇಡಂ ಅವರನ್ನು ನೌಕೆಗೆ ಕರೆಯುತ್ತಾನೆ. ಅವರು ಬರಲ್ಲ ಅನ್ನುತ್ತಾರೆ. ಆಗ ಕ್ಯಾಪ್ಟನ್ ಕ್ಲಿಂಗಾನ್ ಮಾತಿನ ಧ್ವನಿಮುದ್ರಣ ಕೇಳಿಸುತ್ತಾನೆ. ಹೊಸ ಭಾಷೆ ಕಿವಿಗೆ ಬಿದ್ದದ್ದೇ ತಡ, ಆಕೆ ತಡೆಯಲಾಗದೆ ಹೊರಟುಬಿಡುತ್ತಾರೆ. ನೌಕೆ ಸ್ವಲ್ಪ ಅಲುಗಾಡಿದರೂ ಹೆದರುವ ಹೆಂಗಸು. ಆದರೂ ಅವರಿಲ್ಲದೆ ಕ್ಲಾಂಗನ ಜೊತೆ ಮಾತಾಡಲು ಬೇರೆ ದಾರಿಯೇ ಇಲ್ಲ.

ರಾಂಪುರದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮದು ಗಡಿ ಸೀಮೆ. ಇಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಮಾತಾಡುತ್ತಾರೆ. ರಾಯದುರ್ಗದ ಬಸ್ ಹತ್ತಿದರೆ ನಾಲಿಗೆ ತಾನೇ ಹೊರಳುತ್ತದೆ. ಅದನ್ನು ನಾವು ವಿದ್ಯೆ ಅಂತ ಎಣಿಸುವುದೇ ಇಲ್ಲ. ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ಮಾತ್ರ ಎಣಿಸುತ್ತೇವೆ.

ನಮ್ಮ ತಾಲೂಕಿನ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಶಾಲೆಯಿಂದ ಒಮ್ಮೆಯಾದರೂ ನೀವು ಹೋಗಿ ನೋಡಿರುತ್ತೀರಿ. ಬಿ.ಎಲ್. ರೈಸ್ ಅವರು ಅದನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕೊನೆಯಲ್ಲಿ ಬರೆದವನ ಹೆಸರು ಇದೆ, ಚಪಡ. ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿಸಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದದ್ದು ಈಗಿನ ಪಾಕಿಸ್ತಾನದ ಕಡೆಯ ಗಾಂಧಾರದಲ್ಲಿ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಬಂಡೆಗೆ ಅಕ್ಷರ ತಂದ. ತಾಯಿ ತಂದೆಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಆ ಶಾಸನ ಹೇಳುತ್ತದೆ. ಈ ಸೀಮೆಯ ಜನರ ಆಡುಮಾತು ಪ್ರಾಕೃತ ಆಗಿರಲಿಕ್ಕಿಲ್ಲ. ಯಾರೋ ಒಬ್ಬರು ಬಂಡೆಯ ಮುಂದೆ ನಿಂತು ಅದನ್ನು ಇಲ್ಲಿಯವರ ಮಾತಿನಲ್ಲಿ ಬಿಡಿಸಿ ಹೇಳಿರಬೇಕು ಅಂತ ನನ್ನ ಊಹೆ. ನಮ್ಮ ತಾಲೂಕಿನ ಹೋಶಿ ಸಾಟೋ ಅವರೇ. ಹೆಸರು ಮಾತ್ರ ಬಂಡೆಯ ಮೇಲೆ ಉಳಿದಿಲ್ಲ.

ಎರಡನೆಯದು 'ನೀವಿನ್ನೂ ತಯಾರಾಗಿಲ್ಲ' ಎಂಬ ಮಾತು. ವಲ್ಕನ್ನರು ಕೆಟ್ಟವರಲ್ಲ. ನಿಜವಾಗಿಯೂ ನಮ್ಮ ಒಳ್ಳೆಯದಕ್ಕೇ ಹೇಳುತ್ತೇವೆ ಅಂದುಕೊಂಡೇ ಹೇಳುತ್ತಾರೆ. ಆದರೆ ತಯಾರಿ ಆಯಿತೋ ಇಲ್ಲವೋ ಅಂತ ನೋಡುವ ಪರೀಕ್ಷೆ ಯಾವುದು ಅಂತ ಅವರು ಎಂದೂ ಹೇಳುವುದಿಲ್ಲ. ಇಂಥ ಪ್ರಶ್ನೆಗೆ ಉತ್ತರ ಬರೆದರೆ ಪಾಸು ಅಂತ ಹೇಳಿದ್ದರೆ ಭೂಮಿಯವರು ಓದಿಕೊಂಡು ಬರುತ್ತಿದ್ದರು. ಬರೀ 'ಇನ್ನೂ ಇಲ್ಲ, ಇನ್ನೂ ಇಲ್ಲ' ಅಂತ ತೊಂಬತ್ತು ವರ್ಷ ಅಂದರು.

ನನ್ನ ಬಿ.ಇ. ಮುಗಿದ ವರ್ಷ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಪ್ರೋಗ್ರಾಂ ಬರೆಯಲು ಕೊಟ್ಟರು. ಬರೆದೆ, ಸರಿಯಾಗಿ ಓಡಿತು. ಆಮೇಲೆ ಎದುರಿಗೆ ಕೂತವರು, ನಿಮ್ಮ ಕೆಲಸ ಚೆನ್ನಾಗಿದೆ, ಆದರೆ ಮಾತು ಇನ್ನೂ ತಯಾರಾಗಿಲ್ಲ, ಇಂಗ್ಲಿಷ್ ಸರಿ ಮಾಡಿಕೊಂಡು ಒಂದು ವರ್ಷ ಬಿಟ್ಟು ಬನ್ನಿ ಅಂದರು. ಆ ಒಂದು ವರ್ಷದಲ್ಲಿ ಯಾರು ಕಲಿಸುತ್ತಾರೆ, ಎಲ್ಲಿ ಕಲಿಯಬೇಕು ಅಂತ ಹೇಳಲಿಲ್ಲ. ಎರಡು ತಿಂಗಳ ನಂತರ ಬೇರೊಂದು ಸಣ್ಣ ಕಂಪನಿ ಕೆಲಸ ಕೊಟ್ಟಿತು. ದಿನವೂ ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡಬೇಕಿತ್ತು. ಆರು ತಿಂಗಳಲ್ಲಿ ಮಾತು ತಾನಾಗಿ ಬಂತು. ಈಜು ಬಂದ ಮೇಲೆ ಬಾವಿಗೆ ಇಳಿ ಅಂದರೆ ಯಾರಿಗೂ ಈಜು ಬರುವುದಿಲ್ಲ.

ಇದನ್ನು ಕೇಳಿ ಮಕ್ಕಳು ತಯಾರಿಯೇ ಬೇಡ ಅಂದುಕೊಳ್ಳಬಾರದು. ಬಾವಿಗೆ ಇಳಿಯುವಾಗ ಸೊಂಟಕ್ಕೆ ಹಗ್ಗ ಬೇಕು, ದಡದಲ್ಲಿ ಒಬ್ಬರು ನಿಂತಿರಬೇಕು. ಆರ್ಚರನೂ ನಕ್ಷೆ ಇಲ್ಲದೆ ಹೊರಡಲಿಲ್ಲ. ವಲ್ಕನ್ನರ ನಕ್ಷೆಯನ್ನೇ ಇಟ್ಟುಕೊಂಡು ಹೋದ. ಕಷ್ಟದಲ್ಲಿ ಕೈಹಿಡಿದವಳೂ ವಲ್ಕನ್ ಹೆಣ್ಣುಮಗಳು ಟಿಪೋಲ್. ಬೇಡ ಅನ್ನುವ ಹಿರಿಯರು ಬೇರೆ, ಹುಷಾರಾಗಿ ಹೋಗು, ನಾನೂ ಬರುತ್ತೇನೆ ಅನ್ನುವ ಹಿರಿಯರು ಬೇರೆ. ಈ ಶಾಲೆಯಲ್ಲಿ ನನಗೆ ಸಿಕ್ಕ ಮೇಷ್ಟ್ರುಗಳು ಎರಡನೆಯ ಥರದವರು. ಬೆಳಿಗ್ಗೆ ಎಂಟಕ್ಕೇ ಬಂದು ಗಣಿತದ ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಅವರಿಗೆ ರಜೆ ಇರಲಿಲ್ಲ.

ಮೂರನೆಯದು ನಮ್ಮ ನೆಲ. ಈಗ ಓಕ್ಲಹೋಮದಿಂದ ಚಳ್ಳಕೆರೆಗೆ ಬರೋಣ.

ಸ್ಟಾರ್ ಟ್ರೆಕ್ ನೋಡಿದ ಅಮೆರಿಕದ ಜನ ಅವರ ಅಧ್ಯಕ್ಷರಿಗೆ ರಾಶಿ ರಾಶಿ ಪತ್ರ ಬರೆದು, ನಾಸಾದ ಮೊದಲ ಸ್ಪೇಸ್ ಶಟಲ್‌ಗೆ 'ಎಂಟರ್‌ಪ್ರೈಸ್' ಅಂತ ಹೆಸರಿಡಿಸಿದರು. ಅದು 1976ರಲ್ಲಿ ಕಾರ್ಖಾನೆಯಿಂದ ಹೊರಬಂತು. ಕಥೆಯ ಎಂಟರ್‌ಪ್ರೈಸ್ ನಕ್ಷತ್ರ ಸುತ್ತಿತು. ಈ ನಿಜವಾದ ಎಂಟರ್‌ಪ್ರೈಸ್ ಒಂದು ಸಲವೂ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಅದರ ಕೆಲಸವೇ ಬೇರೆ ಇತ್ತು. 1977ರಲ್ಲಿ ದೊಡ್ಡ ಬೋಯಿಂಗ್ ವಿಮಾನದ ಬೆನ್ನ ಮೇಲೆ ಅದನ್ನು ಹೊತ್ತೊಯ್ದು, ಆಕಾಶದಲ್ಲಿ ಬಿಟ್ಟು, ಎಂಜಿನ್ ಇಲ್ಲದೆ ತೇಲುತ್ತಾ ಬಂದು ನೆಲಕ್ಕೆ ಸರಿಯಾಗಿ ಇಳಿಯುತ್ತದೆಯೇ ಅಂತ ಐದು ಸಲ ನೋಡಿದರು. ಹಾರುವುದಕ್ಕೆ ಮುಂಚೆ ಇಳಿಯುವುದನ್ನು ಕಲಿತರು. ಶಟಲ್ ನಿಜವಾಗಿ ಬಾಹ್ಯಾಕಾಶಕ್ಕೆ ಹೋದದ್ದು 1981ರಲ್ಲಿ.

ಅದೇ ಕೆಲಸ ನಮ್ಮ ಪಕ್ಕದ ತಾಲೂಕಿನಲ್ಲಿ ನಡೆದಿದೆ. ಇಸ್ರೋದವರು ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ನೌಕೆಯೊಂದನ್ನು ಮಾಡುತ್ತಿದ್ದಾರೆ. 2016ರ ಮೇ 23ರಂದು ಅದರ ಮಾದರಿ ಶ್ರೀಹರಿಕೋಟಾದಿಂದ ಹಾರಿ ಬಂಗಾಳ ಕೊಲ್ಲಿಯಲ್ಲಿ ಇಳಿದಿತ್ತು. ಗಟ್ಟಿ ನೆಲದ ಮೇಲೆ ಇಳಿಸುವ ಪರೀಕ್ಷೆಗೆ ಆರಿಸಿಕೊಂಡದ್ದು ಚಳ್ಳಕೆರೆ ತಾಲೂಕಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯವನ್ನು. 2023ರ ಏಪ್ರಿಲ್ 2ರ ಬೆಳಿಗ್ಗೆ 7:10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ತೊಟ್ಟಿಲಿನಂತೆ ತೂಗುಹಾಕಿಕೊಂಡು ಮೇಲೆದ್ದಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಒಳಗೆ ಪೈಲಟ್ ಇಲ್ಲ. ತಾನೇ ದಾರಿ ಲೆಕ್ಕ ಹಾಕಿಕೊಂಡು 7:40ಕ್ಕೆ ರನ್‌ವೇ ಮೇಲೆ ಇಳಿಯಿತು.

2024ರ ಮಾರ್ಚ್ 22ರಂದು ಎರಡನೇ ಸಲ. ಆಗ ಬೇಕೆಂದೇ ರನ್‌ವೇ ನೇರಕ್ಕೆ ಬಿಡದೆ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು ಮೂರನೇ ಸಲ, 500 ಮೀಟರ್ ಪಕ್ಕಕ್ಕೆ. ಅಷ್ಟು ಓರೆಯಾಗಿದ್ದರೂ ಅದು ಸರಿಮಾಡಿಕೊಂಡು ಬಂದು ಇಳಿಯಿತು. ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ರಯಾಣಿಕರ ವಿಮಾನ ಇಳಿಯುವುದು ಸುಮಾರು 260ರಲ್ಲಿ. ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿ, ಆಮೇಲೆ ಬ್ರೇಕ್ ಹಾಕುತ್ತದೆ. ಆ ನೌಕೆಯ ಹೆಸರು ಪುಷ್ಪಕ.

ಮಕ್ಕಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರತಿ ಸಲವೂ ಅವರು ಪ್ರಶ್ನೆಪತ್ರಿಕೆಯನ್ನು ಸ್ವಲ್ಪ ಕಷ್ಟ ಮಾಡಿದರು. ಮೊದಲು ನೇರ, ಆಮೇಲೆ 150 ಮೀಟರ್ ಓರೆ, ಆಮೇಲೆ 500. ನಾವು ಸಾಫ್ಟ್‌ವೇರ್‌ನಲ್ಲಿ ಮಾಡುವುದೂ ಇದೇ. ತಪ್ಪು ಎಲ್ಲಿ ಬರಬಹುದು ಅಂತ ನಾವೇ ಹುಡುಕಿ, ಅದನ್ನು ಬೇಕೆಂದೇ ಕೊಟ್ಟು ನೋಡುತ್ತೇವೆ. ತಯಾರಿ ಅಂದರೆ ಇದು. ಇದರಲ್ಲಿ ಪರೀಕ್ಷೆ ಯಾವುದು, ಪಾಸಾದದ್ದು ಹೇಗೆ ಅಂತ ಎಲ್ಲರಿಗೂ ಕಾಣುತ್ತದೆ.

ಇನ್ನೊಂದೂ ಇದೆ. ಚಂದ್ರನ ಮೇಲೆ ಇಳಿಯುವ ಲ್ಯಾಂಡರ್‌ಗೆ ಕುಳಿ ಯಾವುದು, ಸಮತಟ್ಟು ಯಾವುದು ಅಂತ ಗುರುತಿಸುವ ಸಂವೇದಕಗಳಿರುತ್ತವೆ. ಅವನ್ನು ಪರೀಕ್ಷಿಸಲು ಇಸ್ರೋದವರು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ನೆಲದ ಹಾಗೆ ಕುಳಿಗಳನ್ನು ತೋಡಿಸಿದರು. ಚಂದ್ರಯಾನ-2ರ ಲ್ಯಾಂಡರ್ 2019ರಲ್ಲಿ ಇಳಿಯಲಾಗಲಿಲ್ಲ. ಚಂದ್ರಯಾನ-3 2023ರ ಆಗಸ್ಟ್ 23ರಂದು ಇಳಿಯಿತು. ನಾವೆಲ್ಲ ಟಿ.ವಿ. ಮುಂದೆ ಚಪ್ಪಾಳೆ ಹೊಡೆದ ಆ ಸಾಧನೆಯ ಪೂರ್ವಕಥೆಯ ಒಂದು ಅಧ್ಯಾಯ ನಡೆದದ್ದು ನಮ್ಮ ಕುರಿ ದನ ಮೇಯುತ್ತಿದ್ದ ಕಾವಲಿನಲ್ಲಿ.

ಇಲ್ಲಿ ಆ ಮೆಕ್ಕೆಜೋಳದ ರೈತನ ವಿಷಯಕ್ಕೆ ಬರಬೇಕು. ಎಲ್ಲ ಶುರುವಾದದ್ದು ಅವನ ಹೊಲದಲ್ಲಿ. ಸಿಡಿದದ್ದು ಅವನ ಕಣಜ. ಆದರೆ ಮೊದಲ ದೃಶ್ಯ ಮುಗಿದ ಮೇಲೆ ಕಥೆ ಅವನನ್ನು ಬಿಟ್ಟು ಮುಂದಕ್ಕೆ ಹೋಗಿಬಿಡುತ್ತದೆ. ದೊಡ್ಡವರು ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ನೌಕೆಯಲ್ಲಿ ಮಾತಾಡುತ್ತಾರೆ. ನಿನ್ನ ಬೆಳೆ ಏನಾಯಿತಪ್ಪಾ ಅಂತ ಅವನನ್ನು ಕೇಳುವವರಿಲ್ಲ. ಮೊದಲ ಸಲ ನೋಡಿದಾಗ ನನಗೆ ಇದು ಹೊಳೆದಿರಲಿಲ್ಲ. ಹಾಸ್ಟೆಲಿನಲ್ಲಿ ಕೂತವನ ಕಣ್ಣೆಲ್ಲ ನೌಕೆಯ ಮೇಲಿತ್ತು.

ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಈ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವೊಂದೇ 1,500 ಎಕರೆ. ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಎಲ್ಲಕ್ಕೂ ಜಾಗ ಕೊಟ್ಟರು. ಕುರಿ ದನ ಮೇಯಿಸಿಕೊಂಡು, ಕಂಬಳಿ ನೇಯ್ದುಕೊಂಡು ಬದುಕುವ ಅನೇಕ ಕುಟುಂಬಗಳಿಗೆ ಆ ಕಾವಲು ಆಸರೆಯಾಗಿತ್ತು. ಗೋಡೆ ಎದ್ದಾಗ ಹಳ್ಳಿಯವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಮೃತ ಮಹಲ್ ಮೈಸೂರು ಅರಸರ ಕಾಲದಿಂದ ಹೆಸರಾದ ದನದ ತಳಿ. ಆ ಹುಲ್ಲುಗಾವಲು ಬರೀ ಪಾಳುಭೂಮಿ ಅಲ್ಲ. ವಿಜ್ಞಾನ ಬೇಡ ಅಂತ ನಾನು ಹೇಳುವುದಿಲ್ಲ. ನಾನು ಅನ್ನ ತಿನ್ನುವುದೇ ತಂತ್ರಜ್ಞಾನದಿಂದ. ಪುಷ್ಪಕ ಇಳಿದದ್ದು ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ನೆಲ ಕೊಟ್ಟವರ ಮಕ್ಕಳು ಆ ಗೋಡೆಯ ಒಳಗೆ ಯಾವ ಕೆಲಸಕ್ಕೆ ಹೋಗುತ್ತಾರೆ ಎಂಬ ಪ್ರಶ್ನೆ ಮಾತ್ರ ಬಿಡುವುದಿಲ್ಲ. ಗೇಟು ಕಾಯಲು, ಗಿಡಕ್ಕೆ ನೀರು ಹಾಕಲು ಮಾತ್ರವೇ? ಆ ಕೆಲಸಗಳಲ್ಲಿ ಕೀಳು ಏನೂ ಇಲ್ಲ. ಆದರೆ ಪುಷ್ಪಕಕ್ಕೆ ದಾರಿ ಲೆಕ್ಕ ಹಾಕಿಕೊಟ್ಟವರ ಪಕ್ಕದ ಕುರ್ಚಿಯಲ್ಲಿ ಚಳ್ಳಕೆರೆಯ, ಮೊಳಕಾಲ್ಮೂರಿನ ಒಂದು ಸರ್ಕಾರಿ ಶಾಲೆಯ ಹುಡುಗಿ ಕೂತಿರಬೇಕು. ಆಗ ಕಾವಲಿನ ಕಥೆ ಗೊತ್ತಿರುವವಳೊಬ್ಬಳು ಒಳಗೆ ಇರುತ್ತಾಳೆ. ಇನ್ನೊಂದು ಗೋಡೆ ಕಟ್ಟುವಾಗ, ಇಲ್ಲಿ ಕುರಿ ದಾರಿ ಇದೆ ಸಾರ್, ಸ್ವಲ್ಪ ಬಿಟ್ಟು ಕಟ್ಟೋಣ ಅಂತ ಹೇಳುತ್ತಾಳೆ.

ಅದು ತಾನಾಗಿ ಆಗುವುದಿಲ್ಲ. ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ಮೂರು ಸಲಹೆ ಇಡುತ್ತೇನೆ. ಮೇಷ್ಟ್ರುಗಳು, ಊರಿನ ಹಿರಿಯರು ಒಪ್ಪಿದರೆ ಈ ವರ್ಷವೇ ಶುರು ಮಾಡೋಣ.

ಒಂದು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ಮೂರು ತಿಂಗಳಲ್ಲೇ ಹೆದರಿ ಬಿಡುತ್ತದೆ. ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ವೇಗೋತ್ಕರ್ಷ ಗೊತ್ತು, ಆಕ್ಸಲರೇಷನ್ ಅಂದರೆ ಬೆದರುತ್ತದೆ. ಎರಡೂ ಒಂದೇ ಅಂತ ಮೊದಲೇ ತಿಳಿಸಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು, ಊರಲ್ಲಿದ್ದರೆ ಬಂದು, ದೂರ ಇದ್ದರೆ ವಿಡಿಯೋ ಕರೆಯಲ್ಲಿ, ಹತ್ತನೇ ತರಗತಿಯ ಒಂದು ಪಾಠವನ್ನು ಎರಡೂ ಭಾಷೆಯ ಪದಗಳಲ್ಲಿ ಹೇಳಿಕೊಡೋಣ. ಮಕ್ಕಳು ಒಂದು ಪದಗಳ ನೋಟ್‌ಬುಕ್ ಇಟ್ಟುಕೊಳ್ಳಲಿ. ಮೊದಲ ಹತ್ತು ಶನಿವಾರ ನನ್ನವು. ಇದನ್ನು ಎಲ್ಲರ ಮುಂದೆ ಹೇಳುತ್ತಿದ್ದೇನೆ, ತಪ್ಪಿಸಿಕೊಳ್ಳಲು ಆಗದಿರಲಿ ಅಂತ.

ಎರಡು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಮತ್ತು ಗಣಿತದ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರ ಇದೆ. ನಮ್ಮ ಶಾಲೆಯ ಶಿಕ್ಷಕರು ಅಲ್ಲಿಗೆ ಹೋಗಿಬರುವ ಅವಕಾಶವನ್ನು ಪ್ರತಿ ವರ್ಷ ಕೇಳೋಣ. ಮಕ್ಕಳಿಗೆ ಒಂದು ದಿನ ಪ್ರಯೋಗಾಲಯ ತೋರಿಸಿ ಅಂತ ಅರ್ಜಿ ಹಾಕೋಣ. ಒಂದು ಸಲ ಇಲ್ಲ ಅಂದರೆ ಮುಂದಿನ ವರ್ಷ ಮತ್ತೆ ಹಾಕೋಣ. ಬಸ್ಸಿನ ಖರ್ಚು ಹಳೆಯ ವಿದ್ಯಾರ್ಥಿಗಳು ಹಂಚಿಕೊಂಡರೆ ತಲೆಗೆ ಒಂದು ಸಿನಿಮಾ ಟಿಕೆಟ್‌ನಷ್ಟೂ ಬರುವುದಿಲ್ಲ.

ಮೂರು. ಪೂರ್ವಕಥೆ ಬರೆಯುವ ಕೆಲಸವನ್ನು ಮಕ್ಕಳಿಗೆ ಕೊಡೋಣ. ಇಲ್ಲಿ ಕೂತಿರುವ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಕೇಳಲಿ. ಕಾವಲಿನಲ್ಲಿ ಯಾವ ಯಾವ ಹುಲ್ಲು ಬೆಳೆಯುತ್ತಿತ್ತು, ಕುರಿ ಯಾವ ದಾರಿಯಲ್ಲಿ ಹೋಗುತ್ತಿತ್ತು, ಮಗ್ಗದಲ್ಲಿ ರೇಷ್ಮೆ ಸೀರೆಯ ಅಂಚು ಹೇಗೆ ಕೂಡಿಸುತ್ತಿದ್ದರು, ಈ ಶಾಲೆ ಬರುವುದಕ್ಕೆ ಮುಂಚೆ ಹೈಸ್ಕೂಲಿಗೆ ಎಲ್ಲಿಗೆ ನಡೆಯುತ್ತಿದ್ದರು. ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಲಿ. ಆ ಬರಹಗಳನ್ನೆಲ್ಲ ಶಾಲೆಯ ಗ್ರಂಥಾಲಯದಲ್ಲಿ ಇಡೋಣ.

ನಮ್ಮ ಶಾಲೆಗೆ ಐವತ್ತು ತುಂಬಿತು. ಐವತ್ತು ವರ್ಷದ ಹಿಂದೆ ಇದನ್ನು ಕೇಳಿ ತಂದ ಹಿರಿಯರಲ್ಲಿ ಅನೇಕರು ಇವತ್ತು ಇಲ್ಲ. ಹೆನ್ರಿ ಆರ್ಚರನ ಹಾಗೆ ತಾವು ಶುರು ಮಾಡಿದ್ದು ಹಾರಿದ್ದನ್ನು ಅವರು ನೋಡಲಿಲ್ಲ. ಅವರಿಗೆ ನನ್ನ ನಮಸ್ಕಾರ.  ಹತ್ತನೇ ತರಗತಿಯವರು ಬರುವ ಶನಿವಾರ ನೋಟ್‌ಬುಕ್ ತರಲು ಮರೆಯಬೇಡಿ. ಮೊದಲ ಪಾಠ ಬೆಳಕು.

ಜೈ ಹಿಂದ್, ಜೈ ಕರ್ನಾಟಕ.